ಕಾಟಾ ತೋರಿಸಿದ್ದೇ ಬರೀತೀನಿ ಅಂದ್ಮೇಲೆ

ಶಿವಮೊಗ್ಗ ಎಪಿಎಂಸಿಲಿ ಅಡಿಕೆ ಮಂಡಿ ರೈಟರ್ ಕೆಲಸ ನಂದು. ತೋಟದವ್ರು ತಂದ ಮಾಲನ್ನ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆ ಬಗೆ ನೋಡಿ ಬೇರೆ ಬೇರೆ ಬರ್ಕೊಂಡು, ಕಾಟಾ ಮೇಲೆ ಚೀಲ ಇಟ್ಟಾಗ ತೂಕ ನೋಡಿ ಚೀಟಿ ಮಾಡೋದು, ಅಷ್ಟೇ. ಆದ್ರೆ ರಾಶಿ ಕ್ವಿಂಟಾಲಿಗೆ 50 ಸಾವಿರ ಇದ್ದಾಗ ಒಂದು ಕೆಜಿ ಅಂದ್ರೆ 500 ರೂಪಾಯಿ, ಹತ್ತು ಚೀಲಕ್ಕೆ ಒಂದೊಂದು ಕೆಜಿ ಹೋದ್ರೂ 5 ಸಾವಿರ. ಅದೂ ಯಾರ ಕೈಯಿಂದ, ಎಲೆಚುಕ್ಕಿ ರೋಗ ಬಂದು ತೋಟ ಇದ್ರೂ ಫಸಲಿಲ್ಲ ಅಂತ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬರೋರ ಕೈಯಿಂದ.

ಮೊದಲು ಬೇರೆ ಮಂಡಿಲಿದ್ದೆ, ಹೆಸರು ಬೇಡ. ಅಲ್ಲಿ ಖಾಲಿ ಚೀಲದ ತೂಕ ಕಳೆಯುವಾಗ ಇನ್ನೊಂದು ಕೆಜಿ ಸೇರಿಸಿ ಕಳಿ ಅಂದ್ರು. ಕಾಟಾ ಸರಿಯಾಗೇ ಇತ್ತು, ಅದಕ್ಕೆ ಇಲಾಖೆ ಮುದ್ರೆ ಬಿದ್ದಿರುತ್ತೆ, ಮೋಸ ಎಲ್ಲ ಪೆನ್ನಲ್ಲಿ. ಅದಕ್ಕೆ ಕಾರಣಾನೂ ರೆಡಿ ಇತ್ತು, ಮಾಲು ಗೋಡೌನಲ್ಲಿ ಒಣಗಿ ತೂಕ ಇಳಿಯುತ್ತೆ, ಆ ನಷ್ಟ ಯಾರು ಕಟ್ಕೊಡ್ತಾರೆ ಅಂತ. ಒಣಗೋದು ಸುಳ್ಳಲ್ಲ, ಆದ್ರೆ ಹಸಿ ಇದೆ ಅಂತ ರೇಟಲ್ಲೇ ಕಮ್ಮಿ ಮಾಡಿರ್ತೀರಲ್ಲ, ಮತ್ತೆ ತೂಕದಲ್ಲೂ ಯಾಕೆ? "ಸಾವ್ಕಾರ್ರೇ, ರೇಟ್ ನಿಮ್ಮಿಷ್ಟ, ತೂಕ ಮಾತ್ರ ಕಾಟಾ ತೋರಿಸಿದ್ದೇ ಬರೀತೀನಿ" ಅಂದೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ ಬೈಬಲ್‌ನ ಜ್ಞಾನೋಕ್ತಿ 11:1ರಲ್ಲಿದೆ, ಧರ್ಮೋಪದೇಶಕಾಂಡ 25:13ರಲ್ಲಂತೂ ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲು ಇಟ್ಕೋಬೇಡ ಅಂತ ನೇರವಾಗೇ ಇದೆ, ನಮ್ಮ ಮಂಡಿಗೆ ಬಂದು ನೋಡಿ ಹೇಳಿದ ಹಾಗೆ.

ಬೈಯಲಿಲ್ಲ ಅವ್ರು. "ಆಯ್ತಪ್ಪ, ನಿನ್ನಿಷ್ಟ" ಅಂದ್ರು. ಆಮೇಲೆ ಚೀಟಿ ಪುಸ್ತಕ ಬೇರೆ ಹುಡುಗನ ಕೈಗೆ ಹೋಯ್ತು, ನಂಗೆ ಗೋಡೌನಲ್ಲಿ ಚೀಲ ಎಣಿಸೋ ಕೆಲಸ. ದೀಪಾವಳಿಗೆ ಎಲ್ರಿಗೂ ಬೋನಸ್, ನನ್ನೊಬ್ಬನ್ನ ಬಿಟ್ಟು. ಹಮಾಲರು ಪಾದ್ರಿ ಬಂದ್ರು ಪಾದ್ರಿ ಬಂದ್ರು ಅಂತ ರೇಗಿಸೋರು, ಅದಕ್ಕೇನು ಬೇಜಾರಿಲ್ಲ, ಟೀ ತರಿಸಿದ್ರೆ ನಂಗೂ ಒಂದು ಲೋಟ ಇಡ್ತಿದ್ದವರು ಅವರೇ. ಸೀಸನ್ ಮುಗಿದ ಮೇಲೆ ಇನ್ನು ಬರೋದು ಬೇಡ ಅಂದ್ರು. ಈಗಿರೋ ಕಡೆ ತೂಕ ಸರಿ, ಸಂಬಳ ಮಾತ್ರ ಮೊದಲಿಗಿಂತ ಕಮ್ಮಿ.

ಇದನ್ನ ನಮ್ಮ ಚರ್ಚ್ ಸಭೆಲಿ ಸಾಕ್ಷಿ ಹೇಳು, ಅಂದ್ರೆ ದೇವರು ನಡೆಸಿದ್ದನ್ನ ಎಲ್ರ ಮುಂದೆ ಹೇಳು ಅಂತಾರೆ. ನಮ್ಮಲ್ಲಿ ಸಾಕ್ಷಿ ಅಂದ್ರೆ ಒಂದು ಅಳತೆ ಇದೆ, ಲಂಚ ಬೇಡ ಅಂದೆ, ಕೆಲಸ ಹೋಯ್ತು, ಉಪವಾಸ ಪ್ರಾರ್ಥನೆ ಮಾಡಿದೆ, ಡಬಲ್ ಸಂಬಳದ ಕೆಲಸ ಸಿಕ್ತು, ಹಲ್ಲೆಲೂಯಾ. ಅಂಥವು ಆಗಲ್ಲ ಅಂತಲ್ಲ, ಆದವರಿಗೆ ಆಗಿದೆ. ಆದ್ರೆ ಡಬಲ್ ಸಂಬಳ ಸಿಗದವನು ಹಿಂದಿನ ಬೆಂಚಲ್ಲಿ ಕೂತು ನನ್ನ ನಂಬಿಕೆಲೇ ಏನೋ ಕೊರತೆ ಇದೆ ಅಂದ್ಕೊಳ್ತಾನಲ್ಲ, ಅದು ತಪ್ಪು. ಬೈಬಲ್‌ನ ಯೋಸೇಫನ ಕಥೆಲೂ ನಾವು ಅವ್ನು ಐಗುಪ್ತದಲ್ಲಿ ದೊಡ್ಡ ಅಧಿಕಾರಿ ಆದ ಅರಮನೆ ಭಾಗಕ್ಕೆ ಬೇಗ ಓಡ್ತೀವಿ. ಯಜಮಾನ ಪೋಟೀಫರನ ಮನೇಲಿ ಸರಿಯಾಗಿ ನಡ್ಕೊಂಡಿದ್ದಕ್ಕೇ ಅವ್ನು ಜೈಲು ಸೇರಿದ್ದು, ಅಲ್ಲಿ ಕನಸಿನ ಅರ್ಥ ಹೇಳಿ ಉಪಕಾರ ಮಾಡಿದ್ರೂ ರಾಜನಿಗೆ ದ್ರಾಕ್ಷಾರಸ ಕೊಡೋ ಪಾನದಾಯಕ ಮರೆತುಬಿಟ್ಟ, ಆಮೇಲೆ ಪೂರ್ತಿ ಎರಡು ವರ್ಷ ಜೈಲೊಳಗೇ. ಆ ಎರಡು ವರ್ಷದ ಮೇಲೆ ಯಾರಾದ್ರೂ ಪ್ರಸಂಗ ಮಾಡಿದ್ದನ್ನ ನಾನಂತೂ ಕೇಳಿಲ್ಲ.

ಇನ್ನೊಂದು ವಿಷಯ, ಇದು ಸ್ವಲ್ಪ ಖಾರ ಅನ್ಸಬಹುದು. ಕೆಲಸದಲ್ಲಿ ಬರೋ ಕಷ್ಟ ಎಲ್ಲಾನೂ ದೇವರ ಹೆಸರಿಗೆ ಬರೆಯೋಕಾಗಲ್ಲ. ಯೂತ್ ಮೀಟಿಂಗ್‌ಗೆ ಬರೋ ಒಬ್ಬ ಹುಡುಗ ಅಂಗಡಿಗೆ ದಿನಾ ಲೇಟು, ಗಿರಾಕಿ ನಿಂತಿದ್ರೂ ಫೋನಲ್ಲಿ ಪ್ರಸಂಗ ಕೇಳ್ತಿರ್ತಾನೆ, ಓನರ್ ಬೈದ್ರೆ ಯೇಸುವಿಗೋಸ್ಕರ ಹಿಂಸೆ ಅಂತಾನೆ. ಪೇತ್ರ ಮೊದಲನೇ ಪತ್ರಿಕೆ 4:15ರಲ್ಲಿ ಕೊಲೆಗಾರ, ಕಳ್ಳ ಅಂತ ಶಿಕ್ಷೆ ತಿನ್ಬೇಡಿ ಅನ್ನೋ ಸಾಲಲ್ಲೇ ಪರರ ಕೆಲಸಕ್ಕೆ ತಲೆ ಹಾಕೋನನ್ನೂ ಸೇರಿಸ್ತಾನೆ. 2:20ರಲ್ಲಿ ತಪ್ಪು ಮಾಡಿ ಏಟು ತಿಂದು ತಾಳ್ಕೊಂಡ್ರೆ ಅದ್ರಲ್ಲೇನು ಹೆಚ್ಚುಗಾರಿಕೆ ಅಂತ ಕೇಳ್ತಾನೆ, ಅದೂ ಕಠಿಣ ಯಜಮಾನರ ಕೈಕೆಳಗಿದ್ದ ಆಳುಗಳಿಗೆ.

ಹಾಗಾಗಿ ಹೊಸದಾಗಿ ಮಂಡಿಗೆ ಸೇರೋ ನಮ್ಮ ಹುಡುಗರಿಗೆ ನಾನು ಹೇಳೋದು ಒಂದೇ, ಬೇಡ ಅನ್ನೋದು ಆ ಒಂದು ಕೆಲಸಕ್ಕೆ ಮಾತ್ರ ಇರ್ಲಿ, ಉಳಿದಿದ್ದರಲ್ಲಿ ಬೆರಳು ತೋರಿಸೋ ಹಾಗಿರಬಾರದು. ದಾನಿಯೇಲ 6ರಲ್ಲಿ ವಿರೋಧಿಗಳು ದಾನಿಯೇಲನ ರಾಜ್ಯದ ಕೆಲಸದಲ್ಲಿ ತಪ್ಪು ಹುಡುಕಿ ಹುಡುಕಿ ಸಿಗದೇ ಕೊನೆಗೆ ಅವನ ಪ್ರಾರ್ಥನೆನೇ ಹಿಡ್ಕೋಬೇಕಾಯ್ತು. ಗೋಡೌನಿಗೆ ಹಾಕಿದ್ರಾ, ಚೀಲದ ಲೆಕ್ಕ ಸಂಜೆಗೆ ಟ್ಯಾಲಿ ಆಗ್ಬೇಕು. ಯಜಮಾನರನ್ನ ಹಿಂದಿಂದ ಆಡ್ಕೊಳ್ಳೋದು, ಹೋಗೋ ಬರೋರಿಗೆಲ್ಲ ನಾನೊಬ್ನೇ ಪ್ರಾಮಾಣಿಕ ಅಂತ ಸಾರೋದು ಬೇಡ. ರೈತರು ಬಾಯ್ಬಿಟ್ಟು ಕೇಳಿದ್ರೆ ಸುಳ್ಳು ಹೇಳೋದೂ ಬೇಡ. ನಂಗೆ ಕೇಳಿದವರಿಗೆ, ಅಣ್ಣ ಖಾಲಿ ಚೀಲ ನಿಮ್ಮೆದುರಿಗೇ ತೂಗಿಸಿ ಅಂತಷ್ಟೇ ಹೇಳಿದ್ದು.

ಸಭೆಯವ್ರಿಗೂ ಒಂದು ಮಾತು. ಕೆಲಸ ಹೋದವನ ಮನೆಗೆ ಬಂದು ವಚನ ಹೇಳಿ ಪ್ರಾರ್ಥನೆ ಮಾಡಿ ಕಾಫಿ ಕುಡ್ಕೊಂಡು ಹೋಗೋರು ಬೇಕಾದಷ್ಟು ಜನ. ನಮ್ಮ ಹಿರಿಯರೊಬ್ರು ಮಾತೇ ಆಡದೆ ಮಗಳ ಸ್ಕೂಲ್ ಫೀಸ್ ಕಟ್ಟಿ ರಸೀದಿ ಕೊಟ್ಟು ಹೋದ್ರು. ಪೌಲ ಬೇಡಿಲಿದ್ದಾಗ ಫಿಲಿಪ್ಪಿಯವ್ರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ, ಕಷ್ಟದಲ್ಲಿ ಪಾಲು ತಗೊಂಡ್ರಿ ಒಳ್ಳೇದು ಮಾಡಿದ್ರಿ ಅಂತ ಹೇಳೋದು ಎಪಫ್ರೊದೀತ ಅನ್ನೋನ ಕೈಲಿ ಅವ್ರು ಕಳಿಸಿದ ಸಹಾಯ ತಲುಪಿದ್ದಕ್ಕೆ. ಈ ಸಲ ಸೀಸನ್ ಮುಗಿಯುವಾಗ ಇಂಥ ಕಾರಣಕ್ಕೇ ಕೆಲಸ ಬಿಡಿಸ್ಕೊಂಡೋರು ನಿಮ್ಮ ಸಭೆಲಿದ್ರೆ ಮೊದಲು ಮನೆ ಬಾಡಿಗೆ ಎಷ್ಟು ಬಾಕಿ ಅಂತ ಕೇಳಿ, ಸಾಕ್ಷಿ ಆಮೇಲೆ ಹೇಳಿಸಿ.