ಕುಮಾಸಿ ಪಕ್ಕದ ಕೆತ್ತನೆಯ ಊರು

ಘಾನಾಕ್ಕೆ ಹೋದವರು ಮರದ ಮುಖವಾಡ ಕೊಳ್ಳುವುದು ಹೆಚ್ಚಾಗಿ ರಾಜಧಾನಿ ಅಕ್ರಾದ ಆರ್ಟ್ಸ್ ಸೆಂಟರ್‌ನಲ್ಲಿ. ಸಾಲು ಸಾಲು ಅಂಗಡಿ, ಗೋಡೆ ತುಂಬ ಮುಖವಾಡ. ಯಾರು ಕೆತ್ತಿದ್ದು ಅಂತ ಕೇಳಿದೆ. ಅಂಗಡಿಯವನು ಕುಮಾಸಿ ಕಡೆಯದು ಅಂದ, ಅಷ್ಟೇ. ಇಷ್ಟು ಚೆಂದದ ಕೆಲಸಕ್ಕೆ ಊರೂ ಇಲ್ಲ, ಹೆಸರೂ ಇಲ್ಲ ಅಂದರೆ ಹೇಗೆ? ಕೆತ್ತುವವರನ್ನೇ ನೋಡಿ ಬರೋಣ ಅಂತ ನಾನೂ ಗೆಳತಿಯೂ ಕುಮಾಸಿಗೆ ಹೊರಟೆವು.

ಅಕ್ರಾದಿಂದ ಸುಮಾರು 250 ಕಿಲೋಮೀಟರ್, ಬಸ್ಸಲ್ಲಿ ಅರ್ಧ ದಿನದ ದಾರಿ. ಕುಮಾಸಿ ಹಳೆಯ ಅಸಾಂಟೆ ರಾಜ್ಯದ ರಾಜಧಾನಿ. ಊರಿನ ನಡುವಿನ ಕೆಜೆಟಿಯಾ ಮಾರುಕಟ್ಟೆ ಎಷ್ಟು ದೊಡ್ಡದೆಂದರೆ ಅದಕ್ಕೇ ಬೇರೆ ದಿನ ಬೇಕು. ನಾವು ಅಲ್ಲಿ ನಿಲ್ಲದೆ ಮಾಂಪೊಂಗ್ ರಸ್ತೆಯ ಟ್ರೋಟ್ರೋ ಹತ್ತಿದೆವು. ಜನ ತುಂಬಿದ ಮೇಲೇ ಹೊರಡುವ ವ್ಯಾನ್ ಅದು. ಊರು ದಾಟಿ ಸ್ವಲ್ಪ ದೂರಕ್ಕೇ ಅಹ್ವಿಯಾ, ಕೆತ್ತುವವರ ಊರು.

ರಸ್ತೆಬದಿಯಲ್ಲಿ ಅಂಗಡಿಗಳು, ಅವುಗಳ ಹಿಂದೆ ತಗಡಿನ ಚಪ್ಪರಗಳು. ಒಳಗಿಂದ ಬಾಚಿಯ ಏಟಿನ ಸದ್ದು. ನೆಲ ಕಾಣದಷ್ಟು ಬಿಳಿ ಚೆಕ್ಕೆ. ವಯಸ್ಸಾದ ಒಬ್ಬರು ತಗ್ಗು ಪೀಠದ ಮೇಲೆ ಕೂತು, ಪಾದಗಳ ನಡುವೆ ಕೊರಡು ಹಿಡಿದು ಕೆತ್ತುತ್ತಿದ್ದರು. ಬಲಗೈ ಕೊಟ್ಟು ನಮಸ್ಕಾರ ಹೇಳಿದೆವು. ಎಡಗೈಯಲ್ಲಿ ಕೊಡೋದು, ತಗೊಳ್ಳೋದು ಅಲ್ಲೂ ತಪ್ಪೇ. "ಕೂತ್ಕೋ ಸಿಸ್ಟರ್" ಅಂದು ಒಂದು ಪೀಠ ಎಳೆದರು. ಅಲ್ಲಿನವರು ಹಿರಿಯರನ್ನು ಕರೆಯುವ ಹಾಗೆ ನಾನೂ ಪಾಪಾ ಅಂತಲೇ ಮಾತಾಡಿಸಿದೆ.

ಮೊದಲ ಹೊಡೆತಗಳು ದೊಡ್ಡವು. ಹಣೆ ಎಲ್ಲಿ, ಮೂಗು ಎಲ್ಲಿ ಅನ್ನುವುದನ್ನು ಬಾಚಿಯೇ ತೀರ್ಮಾನಿಸುತ್ತದೆ. ಪೆನ್ಸಿಲ್ ಗೆರೆ ಇರಲಿಲ್ಲ. ಆಮೇಲೆ ಉಳಿ ಬಂತು, ಕಣ್ಣಿನ ಸೀಳು ಮೂಡಿತು. ಮುಖವಾಡ ತಿರುಗಿಸಿ ಬೆನ್ನನ್ನು ತೋಡಿದರು. ಹಾಗೆ ತೋಡಿದರೆ ಹಗುರವೂ ಆಗುತ್ತೆ, ಗೋಡೆಗೆ ಸರಿಯಾಗಿಯೂ ಕೂರುತ್ತೆ. ಪಕ್ಕದ ಹುಡುಗ ಇನ್ನೊಂದು ಮುಖವಾಡಕ್ಕೆ ಹಿತ್ತಾಳೆ ತಗಡು ಹೊದಿಸುತ್ತಿದ್ದ. ತಗಡನ್ನು ಕೆನ್ನೆಯ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಸಣ್ಣ ಮೊಳೆ ಬಡಿದು, ಮೊಳೆಯ ಮೊನೆಯಿಂದಲೇ ಚುಕ್ಕೆ ಚುಕ್ಕೆಯಾಗಿ ವಿನ್ಯಾಸ ಒತ್ತುತ್ತಿದ್ದ. ಉಳಿದ ಮರಕ್ಕೆ ಉಪ್ಪುಕಾಗದ, ಆಮೇಲೆ ಕಪ್ಪು ಬೂಟ್ ಪಾಲಿಶ್. ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸಿದ.

ಮರದ ಹೆಸರು ಸೆಸೆ. ಕಡಿದಾಗ ಹಾಲು ಸುರಿಸುವ ಜಾತಿ. ನಮ್ಮ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರವೂ ಇದೇ ಸಸ್ಯ ಕುಟುಂಬದ್ದು. ಎರಡೂ ಬಿಳಿ, ಎರಡೂ ಉಳಿಗೆ ಸುಲಭವಾಗಿ ಒಗ್ಗುತ್ತವೆ. ಅಹ್ವಿಯಾದಲ್ಲಿ ಹಸಿಮರವನ್ನೇ ಕೆತ್ತುತ್ತಾರೆ, ಆಗ ಮೆತ್ತಗಿರುತ್ತೆ. ಆದರೆ ಒಣಗುವಾಗ ಬಿರುಕು ಬಿಡುವುದುಂಟು. ಅದಕ್ಕೇ ಪಾಪಾ ತೂಕ ನೋಡಿ ತಗೋ ಅಂದರು. ಭಾರವಾಗಿದ್ದರೆ ಇನ್ನೂ ನೀರಿದೆ ಅಂತ ಅರ್ಥ.

ಮುಖವಾಡ ಯಾವ ಹಬ್ಬಕ್ಕೆ ಕಟ್ಟುತ್ತೀರಿ ಅಂತ ಕೇಳಿದೆ. "ಯಾವುದಕ್ಕೂ ಇಲ್ಲ. ನಮ್ಮ ಹಿರಿಯರು ಮುಖವಾಡ ಕಟ್ಟಿದವರಲ್ಲ" ಅಂದರು. ಇದು ನಿಜ. ಮುಖವಾಡ ಕಟ್ಟಿ ಕುಣಿಯುವ ಪದ್ಧತಿ ಅಸಾಂಟೆಯವರದ್ದಲ್ಲ. ಅದು ಐವರಿ ಕೋಸ್ಟ್ ಕಡೆಯ ಡಾನ್, ಬೌಲೆ, ಸೆನುಫೊ ಜನರದ್ದು. ಅಲ್ಲೂ ಮುಖವಾಡ ಇರುವುದು ಮೈತುಂಬ ನಾರು ಬಟ್ಟೆ ತೊಟ್ಟು ಕುಣಿಯುವುದಕ್ಕೆ, ಗೋಡೆಗೆ ತೂಗುಹಾಕುವುದಕ್ಕಲ್ಲ. ಪ್ರವಾಸಿಗರು ಕೇಳಿದರು, ವ್ಯಾಪಾರಿಗಳು ಮಾದರಿ ತಂದುಕೊಟ್ಟರು, ಅಹ್ವಿಯಾದವರು ಅದಕ್ಕೆ ತಮ್ಮ ಕೈಚಳಕ ಸೇರಿಸಿ ಹೊಸ ಕಸುಬು ಕಟ್ಟಿಕೊಂಡರು. ಇದರಲ್ಲಿ ಮೋಸ ಇದೆ ಅಂತ ನನಗೆ ಅನ್ನಿಸಲಿಲ್ಲ. ಕೆತ್ತುವವರು ಏನನ್ನೂ ಮುಚ್ಚಿಡಲ್ಲ. ಪುರಾತನದ್ದು ಅಂತ ಚೀಟಿ ಅಂಟಿಸಿ ಜಾಸ್ತಿ ಬೆಲೆಗೆ ಮಾರುವ ನಡುವಿನವರ ಮೇಲೆ ಮಾತ್ರ ನನಗೆ ಸಿಟ್ಟಿದೆ.

ಅಸಾಂಟೆಯವರ ನಿಜವಾದ ಆಸ್ತಿ ಅಂದರೆ ಪೀಠ. ಈ ಊರಿನವರು ಅರಮನೆಗೆ ಪೀಠ ಕೆತ್ತಿಕೊಟ್ಟವರು. ಒಂದೇ ಕೊರಡು, ಎಲ್ಲೂ ಜೋಡಣೆ ಇಲ್ಲ. ಮೇಲೆ ಅರ್ಧಚಂದ್ರದ ಹಾಗೆ ಬಾಗಿದ ಆಸನ, ಕೆಳಗೆ ಚಪ್ಪಟೆ ಪಾದ, ನಡುವಿನ ಕಂಬದಲ್ಲಿ ಚಿತ್ತಾರ. ಪೀಠದಲ್ಲಿ ಅದರ ಒಡೆಯನ ಜೀವ ಇರುತ್ತದೆ ಅಂತ ನಂಬಿಕೆ. ಎದ್ದುಹೋಗುವಾಗ ಪೀಠವನ್ನು ಗೋಡೆಗೆ ಓರೆಯಾಗಿ ಒರಗಿಸುತ್ತಾರೆ, ಅಲೆಯುವ ಆತ್ಮ ಯಾವುದೂ ಬಂದು ಕೂರಬಾರದು ಅಂತ. ದೊಡ್ಡ ಮುಖ್ಯಸ್ಥ ತೀರಿಕೊಂಡರೆ ಅವನ ಪೀಠವನ್ನು ಕಪ್ಪು ಮಾಡಿ ಬೇರೆ ಕೋಣೆಯಲ್ಲಿ ಇಟ್ಟು ಪೂಜಿಸುತ್ತಾರೆ. ಇಡೀ ಅಸಾಂಟೆ ಜನರ ಜೀವ ಇರುವುದು ಚಿನ್ನದ ಪೀಠದಲ್ಲಿ. ಅದರ ಮೇಲೆ ರಾಜನೂ ಕೂರುವ ಹಾಗಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಆ ಪೀಠ ತನಗೆ ಬೇಕು ಅಂದ. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಯುದ್ಧಕ್ಕೇ ನಿಂತಳು. ಸೋತಳು, ಸೆರೆಯಾದಳು, ಸೇಶೆಲ್ಸ್‌ಗೆ ಗಡೀಪಾರಾಗಿ ಅಲ್ಲೇ ತೀರಿಕೊಂಡಳು. ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲಿಲ್ಲ. ಇದನ್ನೆಲ್ಲ ಕೇಳಿದ ಮೇಲೆ ನಾನು ಕೂತಿದ್ದ ಪೀಠದ ಮೇಲೆ ಗೌರವ ಹೆಚ್ಚಾಯಿತು.

ಗೋಡೆಗೆ ಹಾಕಲು ಏನಾದರೂ ಬೇಕಿದ್ದರೆ ಆದಿಂಕ್ರ ಚಿಹ್ನೆಗಳ ಹಲಗೆ ಕೇಳಿ ಅಂತ ನಾನು ಹೇಳುತ್ತೇನೆ. ಒಂದೊಂದೂ ಒಂದು ಅರ್ಥ ಹೇಳುವ ಈ ಚಿಹ್ನೆಗಳು, ಅಸಾಂಟೆಯವರೂ ಸೇರಿದ ಅಕಾನ್ ಜನರ ಸ್ವಂತದ್ದು. ದೇವರ ಹಿರಿಮೆ ಸಾರುವ ಗ್ಯೆ ನ್ಯಾಮೆ ಎಲ್ಲ ಕಡೆ ಕಾಣುತ್ತದೆ. ನನಗೆ ಇಷ್ಟವಾದದ್ದು ಒಂದೇ ಹೊಟ್ಟೆಯ ಎರಡು ಮೊಸಳೆ. ತಿಂದದ್ದು ಹೋಗುವುದು ಒಂದೇ ಹೊಟ್ಟೆಗೆ, ಆದರೂ ತುತ್ತಿಗಾಗಿ ಎರಡು ಬಾಯಿ ಕಿತ್ತಾಡುತ್ತವೆ. ಮನೆಮಂದಿಯೆಲ್ಲ ಓಡಾಡುವ ಹಾಲ್‌ನಲ್ಲಿ ಇರಬೇಕಾದ ಚಿತ್ರ, ಅಲ್ವಾ? ಹಗುರವಾಗಿ ಒಣಗಿದ ಹಲಗೆ ಆರಿಸಿಕೊಂಡೆ. ಪಾಪಾ ಹೇಳಿದ ಬೆಲೆ ನನಗೆ ನ್ಯಾಯ ಅನ್ನಿಸಿತು, ಚೌಕಾಸಿ ಮಾಡಲಿಲ್ಲ. ಹಿಂದೆ ನಿಮ್ಮ ಹೆಸರು ಕೆತ್ತಿಕೊಡಿ ಅಂದೆ. ಯಾರೂ ಕೇಳಲ್ಲ ಅಂದರು. ಸಣ್ಣ ಉಳಿ ಹುಡುಕಿ, ನಿಧಾನವಾಗಿ ಹೆಸರೂ ಊರೂ ಎರಡನ್ನೂ ಕೆತ್ತಿದರು.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ನ್ಟೊನ್ಸೊ ಸಿಗುತ್ತದೆ. ಇದೇ ಚಿಹ್ನೆಗಳನ್ನು ಬಟ್ಟೆಗೆ ಒತ್ತುವ ಊರು. ಮರದ ತೊಗಟೆ ಕುಟ್ಟಿ, ನೆನೆಸಿ, ಗಂಟೆಗಟ್ಟಲೆ ಕುದಿಸಿ ಕಪ್ಪು ಬಣ್ಣ ತೆಗೆಯುತ್ತಾರೆ. ಅಚ್ಚುಗಳು ಒಣಗಿದ ಸೋರೆಬುರುಡೆಯ ಚೂರಿನಲ್ಲಿ ಕೆತ್ತಿದವು. ಅಹ್ವಿಯಾಕ್ಕೆ ಬೆಳಿಗ್ಗೆ ಬೇಗ ಹೋದರೆ ಎರಡೂ ಊರು ಒಂದೇ ದಿನದಲ್ಲಿ ಆರಾಮಾಗಿ ನೋಡಬಹುದು.