"ಆರಾಮ ಆಗ್ತಾರೇನ್ರಿ?" "ಇಲ್ರಿ." "ಮತ್ತ?"

ಕಾಲಾಗಿನ ಬೊಬ್ಬಿ ಇನ್ನೂ ಒಣಗಿಲ್ಲ, ಎಡಗಾಲಿನ ಹೆಬ್ಬೆಟ್ಟಿನ ಉಗುರು ಕರ್ರಗ ಆಗ್ಯಾದ, ನಾಕ್ ದಿನ ಆಯ್ತು ಆಫೀಸಿಗಿ ಚಪ್ಪಲ್ ಮ್ಯಾಲೇ ಹೋಗ್ಲತ್ತೀನಿ. ಖರೇ ಹೇಳ್ಬೇಕಂದ್ರ ಕಾಲಿಂದು ಏನೂ ಇಲ್ಲ, ಚೌಡಾಪುರದಾಗ ಆ ಕಾಕಾ ಅಂದ "ಮತ್ತ?" ಅನ್ನೋ ಒಂದೇ ಮಾತು ತಲ್ಯಾಗಿಂದ ಹೋಗಲ್ಲಾಗ್ಯಾದ.

ಹಿಂದಿನ ಐತವಾರ ಕಲಬುರಗಿಯಿಂದ ಗಾಣಗಾಪುರಕ್ಕ ನಡದು ಹೋದೆ. 40 ಕಿಮೀ ಆಜುಬಾಜು. ನಮ್ಮ ಕಡಿ ಇದೇನು ದೊಡ್ಡ ಸಾಹಸ ಅಲ್ಲ, ಅರವತ್ತು ದಾಟಿದ ಮುದುಕೇರೂ ದತ್ತಪ್ಪಗ ಬರಿಗಾಲಾಗ ಹೋಗ್ತಾರ. ಆದ್ರ ನಂದು ಹರಕಿ ಅಲ್ಲ, ಒಂದು ಹಾಸ್ಪಿಸ್‌ಗಿ ರೊಕ್ಕ ಕೂಡ್ಸೋದು. ಹಾಸ್ಪಿಸ್ ಅಂದ್ರ ಆರಾಮ ಆಗದ ಪೇಶಂಟಿನ್ನ ಕಡೀತನ ನೋಡ್ಕೊಳ್ಳೋ ಜಾಗ. ಗೆಳೆಯರಿಗೆಲ್ಲ ಕಿಲೋಮೀಟರಿಗಿ ಹತ್ರೂಪಾಯಿ ಕೊಡ್ರಿ ಅಂತ ವಾಟ್ಸಾಪ್‌ದಾಗ ಹಾಕಿದ್ದೆ, ಟೀ ಶರ್ಟಿನ ಬೆನ್ನಿಗಿ ಕ್ಯೂಆರ್ ಕೋಡ್ ಅಂಟಿಸ್ಕೊಂಡಿದ್ದೆ. ಬೆವರಿಗಿ ಅದು ಶರಣಸಿರಸಗಿ ದಾಟೋದ್ರಾಗೇ ಸುಕ್ಕಾಗಿ ಸ್ಕ್ಯಾನ್ ಆಗೋದು ಬಿಡ್ತು, ಅದು ಬ್ಯಾರೆ ಮಾತು.

ಎಲ್ರೂ ಕೇಳಿದ್ದು ಒಂದೇ. ರೊಕ್ಕ ಕೊಡೋದಿದ್ರ ಸುಮ್ಮ ಕೊಡು, ನೀ ನಡುದ್ರ ಆ ಪೇಶಂಟಿಗಿ ಏನ್ ಬರ್ತದ? ನಮ್ಮ ಭಾವನೋರು ಇದನ್ನ ಮೂರು ಸಲ ಕೇಳಿ ಕಡೀಕ 101 ರೂಪಾಯಿ ಹಾಕಿದ್ರು, ಮಗನ ಜವಳಕ್ಕ ಊರೆಲ್ಲ ಕರ್ದು ಊಟ ಹಾಕ್ಸಿದ ಮನಷ್ಯಾ. ಇರ್ಲಿ. ಅವರು ಕೇಳಿದ್ದು ತಪ್ಪೇನಲ್ಲ, ನನಗೂ ಅದಕ್ಕ ಉತ್ತರ ಇಲ್ಲ. ಸುಮ್ಮ ಕೈ ಚಾಚಿ ಕೇಳ್ಲಿಕ್ಕ ನಾಚಿಕಿ ಬರ್ತದ, ಕಾಲು ನೋಯ್ಸ್ಕೊಂಡು ಕೇಳಿದ್ರ ಸ್ವಲ್ಪ ಕಡಿಮಿ ಬರ್ತದ, ಅಷ್ಟೇ ಇರ್ಬೇಕು.

ನಸುಕಿನಾಗ ಮೂರಕ್ಕ ಬಿಟ್ಟಿದ್ವಿ, ನಾನು ಮತ್ತ ನನ್ನ ಗೆಳೆಯ. ಬೆಳಗಾದಾಗ ಎರಡೂ ಕಡಿ ಒಣಗಿದ ತೊಗರಿ, ಅಲ್ಲಲ್ಲಿ ರಾಶಿ ಶುರುವಾಗ್ಯಾದ, ಎದುರಿಗಿ ಕಬ್ಬಿನ ಟ್ರಾಕ್ಟರ್. ಗೆಳೆಯ ಹತ್ತು ಹೆಜ್ಜಿಗೊಂದು ರೀಲ್ಸ್ ಮಾಡ್ತಾ ಚೌಡಾಪುರ ತನಕ ಬಂದ, ಅಲ್ಲಿ ಮಂಡಿ ಹಿಡ್ಕೊಂಡು ಕುಂತ. "ನೀ ನಡಿ ಮಾರಾಯಾ, ನಾ ಬಸ್ಸಿಗಿ ಮುಂದ ಹೋಗಿ ನೀ ಬರೋದು ವಿಡಿಯೋ ಮಾಡ್ತೀನಿ" ಅಂದ. ಬಸ್ ಬರೋ ತನಕ ಚಾ ಕುಡ್ಯೋಣಂತ ಹೋಟೆಲ್ ಕಟ್ಟಿ ಮ್ಯಾಲ ಕುಂತಾಗ ಬಾಜೂಕ ಆ ಕಾಕಾ. ಐವತ್ತೈದರ ಮನಷ್ಯಾ, ಹೆಗಲ ಮ್ಯಾಲ ಟುವಾಲು, ಮುಂದ ಆರಿದ ಚಾ.

"ದತ್ತಪ್ಪಗ ಹೊಂಟೀರೇನ್ರಿ? ಹರಕಿ ಏನು?"

"ಹರಕಿ ಅಲ್ರಿ ಕಾಕಾ. ಕ್ಯಾನ್ಸರ್ ಕಡೀ ಸ್ಟೇಜಿಗಿ ಬಂದೋರನ್ನ ನೋಡ್ಕೊಳ್ಳೋ ಜಾಗ ಅದ, ಅದಕ್ಕ ರೊಕ್ಕ ಕೂಡ್ಸಲತ್ತೀನಿ."

"ಅಲ್ಲಿ ಹೋದ್ರ ಆರಾಮ ಆಗ್ತಾರೇನ್ರಿ?"

"ಇಲ್ರಿ."

"ಮತ್ತ?"

ಆಚೀಚಿ ಕುಂತಿದ್ದ ಇಬ್ಬರು ನಕ್ಕರು. ನನಗ ಸಿಟ್ಟು ಬಂತು. ಸಿಟ್ಟು ಬಂದ್ರ ನಾ ಭಾಷಣ ಮಾಡಾಂವ. ಲಂಡನ್‌ದಾಗ ಸಿಸಿಲಿ ಸಾಂಡರ್ಸ್ ಅಂತ ಒಬ್ಬ ಹೆಣ್ಮಗಳು, ನರ್ಸ್ ಆಗಿದ್ದಾಕಿ ಆಮ್ಯಾಲ ಡಾಕ್ಟರಿಕಿ ಓದಿ 1967ರಾಗ ಇಂಥದ್ದು ತೆಗ್ದಳು ಅಂತ ಶುರು ಮಾಡಿ, ಮುಂಬೈದಾಗ 1986ಕ್ಕ ಶಾಂತಿ ಅವೇದನಾ, ಬೆಂಗಳೂರಾಗ ಕರುಣಾಶ್ರಯ 1999ರಿಂದ ಒಂದ್ರೂಪಾಯಿ ತಗೊಳ್ದೇ ನೋಡ್ತದ ಅಂತೆಲ್ಲ ಹೇಳ್ದೆ. ಚೌಡಾಪುರದ ಹೋಟೆಲ್‌ದಾಗ ಲಂಡನ್ ಕಥಿ. ಅವರಿಗಿ ಯಾಕ ಬೇಕದು!

ಆದ್ರ ನಮ್ಮ ದೊಡ್ಡಪ್ಪಂದು ಬಂದಾಗ ನನ್ನ ದನಿ ಇಳೀತು. ಗುಟ್ಕಾ ತಿಂದು ತಿಂದು ಬಾಯಿ ಕ್ಯಾನ್ಸರ್ ಆಗಿತ್ತು. ಸೋಲಾಪುರ, ಹೈದರಾಬಾದ್ ತಿರುಗಿ ಎರಡೆಕರೆ ಹೊಲ ಹೋದ ಮ್ಯಾಲ "ಮನಿಗಿ ಕರ್ಕೊಂಡು ಹೋಗ್ರಿ" ಅಂದ್ರು. ಈ ಮಾತು ಕೇಳದ ಮನಿ ನಮ್ಮ ಕಡಿ ಎಷ್ಟವ? ಕರ್ಕೊಂಡು ಹೋಗಿ ಏನ್ ಮಾಡ್ಬೇಕು ಅಂತ ಮಾತ್ರ ಯಾರೂ ಹೇಳಲ್ಲ. ರಾತ್ರಿ ಪೂರಾ ನರಳ್ತಿದ್ದ. ಮಾರ್ಫೀನ್ ಗುಳಿಗಿ ನಾಕ್ ತಾಸಿಗೊಮ್ಮಿ, ಜೋಡಿ ಮಲಬದ್ಧ ಆಗದಂಗ ಒಂದು ಔಷಧ, ಹಿಂಗ ಕೊಟ್ರ ಆ ನೋವು ಎಷ್ಟೋ ತಡೀತದ ಅಂತ ಗೊತ್ತಾಗಿದ್ದು ಅವ ಸತ್ತು ಎರಡು ವರ್ಷ ಆದ ಮ್ಯಾಲ, ಮನಿಮನಿಗಿ ಹೋಗಿ ಇಂಥ ಪೇಶಂಟ್ ನೋಡೋ ಸಿಸ್ಟರ್ ಒಬ್ಬರಿಂದ. ಅಫೀಮಿನ ಜಾತಿ ಔಷಧ ಅಂತ ಮೊದಲ ಒಂದು ಆಸ್ಪತ್ರಿ ಅದನ್ನ ಇಡ್ಬೇಕಂದ್ರ ನಾಕಾರು ಲೈಸೆನ್ಸ್ ಬೇಕಿತ್ತಂತ, 2014ರಾಗ ಕಾನೂನು ತಿದ್ದಿ ಸುಲಭ ಮಾಡ್ಯಾರ. ಆದ್ರೂ ಎಷ್ಟೋ ಕಡಿ ಇನ್ನೂ ಇಡಲ್ಲ, ಹೆದರ್ತಾರ.

ನೋವಿಗಿಂತ ನನಗ ನೆನಪಿರೋದು ನಾತ. ಗಲ್ಲದ ಗಾಯ ಕೊಳ್ತು ಖೋಲಿಯೊಳಗ ಕಾಲಿಡ್ಲಿಕ್ಕ ಆಗ್ತಿರ್ಲಿಲ್ಲ. ಮೊಮ್ಮಕ್ಕಳು ಬಾಗಿಲತನ ಬಂದು ಮೂಗು ಮುಚ್ಕೊಂಡು ಓಡ್ತಿದ್ವು, ಅಂವ ನೋಡ್ತಿದ್ದ. ಒಂದು ಅಗ್ಗದ ಗುಳಿಗಿ, ಮೆಟ್ರೊನಿಡಾಜೋಲ್ ಅಂತ, ಅದನ್ನ ಕುಟ್ಟಿ ಗಾಯದ ಮ್ಯಾಲ ಉದುರಿಸಿದ್ರ ಆ ನಾತ ಭಾಳ ಕಡಿಮಿ ಆಗ್ತದಂತ. ಎರಡೆಕರೆ ಹೊಲ ಮಾರಿಸ್ಕೊಂಡೋರು ಒಬ್ಬರೂ ಇದನ್ನ ಹೇಳ್ಲಿಲ್ಲ.

ಇಷ್ಟೂ ಹೇಳ್ದೆ. ನಗೋರು ಎದ್ದು ಹೋಗಿದ್ರು. ಕಾಕಾ ಹಂಗೇ ಕುಂತಿದ್ದ. ನಾ ಬೂಟಿನ ಲೇಸ್ ಕಟ್ಲತ್ತಾಗ ಕೇಳಿದ, "ನಾತದ್ದು ಹೇಳಿದ್ರಲ್ರಿ, ಏನ್ ಗುಳಿಗಿ ಅಂದ್ರಿ ಅದು?"

ನಾ ಏನಂದೆ ಗೊತ್ತೇನು? "ಡಾಕ್ಟರಿಗಿ ಕೇಳ್ರಿ ಕಾಕಾ, ಹೇಳ್ತಾರ." ಬಿಸಿಲು ಏರ್ಲತ್ತಿತ್ತು, ಒಮ್ಮಿ ಕುಂತ್ರ ಕಾಲು ಬಿಗಿತಾವ, ಹೊಂಟ್ಬಿಟ್ಟೆ.

ಒಂದೆರಡು ಕಿಮೀ ಮುಂದ ಬಂದ ಮ್ಯಾಲ ತಲಿಗಿ ಹತ್ತಿತು. ನಾತದ ಗುಳಿಗಿ ಹೆಸರು ಯಾರಿಗಿ ಬೇಕಿರ್ತದ? ಆರಿದ ಚಾ ಮುಂದಿಟ್ಕೊಂಡು ಮುಂಜಾನಿಯಿಂದ ಹೋಟೆಲ್‌ದಾಗ ಯಾಕ ಕುಂದಿರ್ತಾನ ಮನಷ್ಯಾ? ಅವಂದು "ಮತ್ತ?" ಚ್ಯಾಷ್ಟಿ ಆಗಿತ್ತೋ, ಖರೇ ಕೇಳಿದ್ದೋ? ನಿಂತೆ. ಹಿಂದ ಹೋಗಿ ಮತ್ತ ಇಲ್ಲಿಗೇ ಬರೋದಂದ್ರ ನಾಕ್ ಕಿಮೀ ಜಾಸ್ತಿ ಅಂತ ಲೆಕ್ಕ ಹಾಕಿದೆ. ಕಿಲೋಮೀಟರಿಗಿ ಹತ್ರೂಪಾಯಿ ಲೆಕ್ಕದಾಗ ನಡ್ಯೋ ತಲಿ, ಹಿಂಗೇ ಕೆಲ್ಸ ಮಾಡ್ತದ. ಹೋಗ್ಲಿಲ್ಲ. ಊರೆಲ್ಲ ರೊಕ್ಕ ಕೇಳ್ದಾಂವ ಅವನಿಗಿ "ಮನ್ಯಾಗ ಯಾರಿಗರೆ ಅದ ಏನ್ರಿ" ಅಂತ ಕೇಳ್ಲಿಲ್ಲ.

ಮುಟ್ಟೋದ್ರಾಗ ಮಧುಕರಿ ಹೊತ್ತು ಮುಗ್ದಿತ್ತು. ಮಧ್ಯಾಹ್ನ ಐದು ಮನಿ ಬೇಡೋದು ಅಲ್ಲಿ ರೂಢಿ, ಆ ಹೊತ್ತಿಗಿ ದತ್ತಪ್ಪನೂ ವೇಷ ಹಾಕ್ಕೊಂಡು ಬೇಡ್ಲಿಕ್ಕ ಬರ್ತಾನ ಅಂತ ನಂಬ್ತಾರ. ಗೆಳೆಯನಿಗಿ ಕಾಕಾಂದು ಹೇಳಿದ್ರ, "ಅಂವ ದತ್ತಪ್ಪನೇ ಇರ್ಬೇಕು ಬಿಡೋ, ರೀಲ್ಸ್‌ಗಿ ಛಲೋ ಕಥಿ" ಅಂದ. ಕೆನ್ನಿಗಿ ಬಿಡಬೇಕು ಅನ್ನಿಸ್ತು. ದತ್ತಪ್ಪಗ ಗಾಯದ ಗುಳಿಗಿ ಯಾಕ ಬೇಕು?

ರೊಕ್ಕ 38,400 ಕೂಡ್ಯಾದ, ಕಳ್ಸೀನಿ.

ನಿನ್ನಿ ಅರ್ಧ ದಿನ ರಜಾ ಹಾಕಿ ಬಸ್ಸಿಗಿ ಚೌಡಾಪುರಕ್ಕ ಹೋದೆ. ಕಾಕಾ ಇರ್ಲಿಲ್ಲ. ಹೋಟೆಲ್ ಮಾಲಕನಿಗಿ ಟುವಾಲು, ವಯಸ್ಸು ಎಲ್ಲ ಹೇಳಿದ್ರ, "ಇಲ್ಲಿ ಟುವಾಲು ಇಲ್ದೋರು ಯಾರ್ ಬರ್ತಾರ್ರಿ ಸರ" ಅಂದ. ಆ ಸಿಸ್ಟರ್ ನಂಬರ್ ಬರ್ದ ಚೀಟಿ ಕೊಟ್ಟೆ, ಅವರಿಗಿ ಮೊದ್ಲೇ ಕೇಳಿ ಹೂಂ ಅನ್ನಿಸ್ಕೊಂಡಿದ್ದೆ. ಗಲ್ಲಾದ ಬಾಜೂಕ ಸ್ಕ್ಯಾನರ್ ಕೆಳಗ ಅಂಟಿಸಿದ.

"ಯಾರರೆ ಕೇಳಿದ್ರ ಏನಂತ ಹೇಳ್ಲಿ?"

ಲಂಡನ್, ಮುಂಬೈ ಯಾವ್ದೂ ಬಾಯಿಗಿ ಬರ್ಲಿಲ್ಲ. "ನಾತ ಬರೋ ಗಾಯಕ್ಕ ಅನ್ರಿ" ಅಂದೆ.

ಅವ ಪೆನ್ನು ತಗೊಂಡು ನಂಬರಿನ ಮ್ಯಾಲ ದಪ್ಪಾಗಿ 'ಗಾಯ' ಅಂತ ಬರ್ದ.