ಯಾರ ಕೈ ದಾಟಿ ಬಂತು?

ದಾವಣಗೆರೆಯ ನಮ್ಮ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪೀರಿಯಡ್ ಶುರುವಾಗುತ್ತಿದ್ದುದು ಮೂರು ಉದ್ದಗೆರೆಗಳಿಂದ. ಮೇಷ್ಟ್ರು ಕರಿಹಲಗೆಯನ್ನು ನಾಲ್ಕು ಕಾಲಂ ಮಾಡಿ ಮೇಲೆ ಬರೆಯುತ್ತಿದ್ದರು: ಹೇಳಿದವರು, ದಾಟಿಸಿದವರು, ಬಂದು ಸೇರಿದ ಜಾಗ, ದಾರಿಯಲ್ಲಿ ಉದುರಿದ್ದು. ಯಾರಾದರೂ ಎದ್ದು ನಿಂತು "ಪ್ಲೇಟೋ ಹೀಗೆ ಹೇಳಿದ್ದಾನೆ ಸಾರ್" ಅಂದರೆ ಸಾಕು, "ಸರಿಯಪ್ಪ, ಅದು ನಿನ್ನ ತನಕ ಯಾರ ಕೈ ದಾಟಿ ಬಂತು ಅದನ್ನ ಹೇಳು" ಎನ್ನುವರು. ಪಠ್ಯಪುಸ್ತಕಗಳು ದಾರ್ಶನಿಕರನ್ನು ಗಣಪತಿ ಮೆರವಣಿಗೆಯ ಹಾಗೆ ಸಾಲಾಗಿ ಹೊರಡಿಸುತ್ತವೆ. ಯಾರು ಹೊತ್ತುಕೊಂಡು ಬಂದರು ಎಂದು ಹೇಳುವುದಿಲ್ಲ. ಈಗಿನ ವಿದ್ಯಾರ್ಥಿಗಳಿಗೆ ಆ ನಾಲ್ಕು ಕಾಲಂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ಉದಾಹರಣೆ ಅಥೆನ್ಸಿನದಾಗಿರುತ್ತಿರಲಿಲ್ಲ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನದು. ಬ್ರಹ್ಮಗಿರಿಯ ಬುಡದಲ್ಲಿರುವ ಅಶೋಕನ ಬಂಡೆಶಾಸನವನ್ನು ಬಿ. ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಪಕ್ಕದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಇದರದೇ ಪ್ರತಿಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಓದಲು ಬಾರದ ಕಾಲದಲ್ಲೂ ಊರವರು ಇದನ್ನು 'ಅಕ್ಷರಗುಂಡು' ಎಂದೇ ಕರೆಯುತ್ತಿದ್ದರು.

ಶಾಸನದ ಮೊದಲ ಸಾಲುಗಳೇ ಎರಡನೇ ಕಾಲಂ ತುಂಬಿಸಿಬಿಡುತ್ತವೆ. ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಬ್ರಹ್ಮಗಿರಿ ಬಳಿಯ ಇಸಿಲದ ಮಹಾಮಾತ್ರರ ಕುಶಲ ವಿಚಾರಿಸಿ, ಆಮೇಲೆ ರಾಜಾಜ್ಞೆ ತಿಳಿಸುತ್ತಾರೆ. ಇವತ್ತಿನ ಸರ್ಕಾರಿ ಸುತ್ತೋಲೆ ರಾಜಧಾನಿಯಿಂದ ವಿಭಾಗಕ್ಕೆ, ಅಲ್ಲಿಂದ ತಾಲ್ಲೂಕಿಗೆ ಇಳಿಯುವ ಹಾಗೆಯೇ. ಮೊದಲ ಭಾಗದಲ್ಲಿ ಅರಸ ತನ್ನ ಲೆಕ್ಕ ಒಪ್ಪಿಸುತ್ತಾನೆ: ಉಪಾಸಕನಾಗಿ, ಅಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿ, ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಶ್ರಮಿಸಿದ್ದೇನೆ, ದೊಡ್ಡವರಷ್ಟೇ ಅಲ್ಲ ಚಿಕ್ಕವರೂ ಶ್ರಮಿಸಿದರೆ ಸ್ವರ್ಗ ಸಿಗುತ್ತದೆ. ಎರಡನೇ ಭಾಗ ಜನರಿಗೆ: ತಾಯಿ ತಂದೆಯರ ಸೇವೆ ಮಾಡಬೇಕು, ಜೀವಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ಹೇಳಬೇಕು, ಅಂತೇವಾಸಿ ಆಚಾರ್ಯನನ್ನು ಗೌರವಿಸಬೇಕು, ನೆಂಟರಿಷ್ಟರೊಡನೆ ತಕ್ಕಂತೆ ನಡೆದುಕೊಳ್ಳಬೇಕು. ಅಂತೇವಾಸಿ ಅಂದರೆ ಗುರುವಿನ ಬಳಿಯೇ ಇದ್ದು ಕಲಿಯುವವನು. ಹಾಸ್ಟೆಲಿನವರು ಆ ಮಾತಿಗೆ ಬೆಂಚು ಕುಟ್ಟುತ್ತಿದ್ದರು.

ಇಲ್ಲಿ ತಪ್ಪಾಗುವುದು ಎಲ್ಲಿ ಅಂದರೆ, ಎಲ್ಲರೂ ಇದನ್ನು 'ಬುದ್ಧನ ಬೋಧನೆ' ಎಂದು ಬರೆದು ಮುಗಿಸುತ್ತಾರೆ. ಬಂಡೆಯಲ್ಲಿ ನಾಲ್ಕು ಆರ್ಯಸತ್ಯಗಳಿಲ್ಲ, ಶಾಶ್ವತ ಆತ್ಮವಿಲ್ಲವೆನ್ನುವ ಅನಾತ್ಮವಾದವಿಲ್ಲ, ನಿರ್ವಾಣವೆಂಬ ಶಬ್ದವೂ ಇಲ್ಲ. ನಿರ್ವಾಣ ಇರಬೇಕಾದ ಜಾಗದಲ್ಲಿ ಸ್ವರ್ಗ ಕೂತಿದೆ. ಅದೂ ಸಾಲದು ಎಂಬಂತೆ, ತಾಯಿ ತಂದೆಯ ಸೇವೆ ಮೊದಲಾದವನ್ನು ಶಾಸನವೇ 'ಪೋರಾಣಾ ಪಕಿತಿ', ಅಂದರೆ ಹಳೆಯ ನಡಾವಳಿ ಎನ್ನುತ್ತದೆ. ಒಂದು ದರ್ಶನ ರಾಜ್ಯದ ಆಜ್ಞೆಯಾಗಬೇಕಾದರೆ ಎಲ್ಲ ಪಂಥದವರೂ ತಲೆಯಾಡಿಸುವಷ್ಟನ್ನು ಮಾತ್ರ ಉಳಿಸಿಕೊಳ್ಳಬೇಕಾಗುತ್ತದೆ. ನಾಲ್ಕನೇ ಕಾಲಂ ಭರ್ತಿಯಾಗುತ್ತಿದ್ದುದು ಹೀಗೆ. ಆದರೆ ಉದುರಿದ್ದೆಲ್ಲ ನಷ್ಟವೆಂದು ಬರೆದರೂ ಅಂಕ ಸಿಗುತ್ತಿರಲಿಲ್ಲ. ಬುದ್ಧನ ಸೂಕ್ಷ್ಮ ತರ್ಕವನ್ನೆಲ್ಲ ಹೊತ್ತು ಬಂದಿದ್ದರೆ ಆ ಆಜ್ಞೆ ಇಸಿಲದ ತನಕ ಬರುತ್ತಿತ್ತೇ ಎನ್ನುವುದು ಮರುಪ್ರಶ್ನೆ.

ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. 'ಲಿಪಿಕಾರನಿಂದ' ಎಂಬ ಒಂದು ಪದವನ್ನು ಮಾತ್ರ ಅವನು ಬ್ರಾಹ್ಮಿ ಬಿಟ್ಟು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ದೂರದ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಮೊಳಕಾಲ್ಮುರಿನಲ್ಲಿ ಅದನ್ನು ಓದುವವರು ಆಗ ಯಾರಿದ್ದಾರು? ಕೈಚಳಕ ತೋರಿಸಲು ಗುಮಾಸ್ತನಿಗೆ ಒಂದು ಪದ ಸಾಕಾಗಿತ್ತು.

ಸಾಕ್ರಟೀಸನಿಗೆ ಬಂದರೆ ಕಾಲಂಗಳು ಬೇರೆ ರೀತಿ ತುಂಬುತ್ತವೆ. ಅವನು ಒಂದು ಸಾಲನ್ನೂ ಬರೆದಿಡಲಿಲ್ಲ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ಸುಮಾರು 500 ಪಂಚರ ಮುಂದೆ ವಿಚಾರಣೆಯಲ್ಲಿ ಅವನು ಆಡಿದ ಮಾತು ಶಿಷ್ಯ ಪ್ಲೇಟೋ ಬರೆದಂತೆ ಒಂದು, ಸೆನೊಫೋನ್ ಬರೆದಂತೆ ಇನ್ನೊಂದು. ಪ್ಲೇಟೋ ಪ್ರಕಾರ ಬರೀ 30 ಮತ ಈಚೆ ಬಂದಿದ್ದರೆ ಅವನು ಬಿಡುಗಡೆಯಾಗುತ್ತಿದ್ದ. ಪ್ರಜಾಪ್ರಭುತ್ವ ತನ್ನ ಗುರುವನ್ನು ಕೊಂದಿತು ಎಂಬ ಸಿಟ್ಟು ಪ್ಲೇಟೋನ ರಾಜಕೀಯ ಬರಹದ ಉದ್ದಕ್ಕೂ ಇದೆ. ಅದನ್ನು ಕಳೆದು ಓದದಿದ್ದರೆ 'ತತ್ತ್ವಜ್ಞಾನಿಯೇ ಅರಸನಾಗಬೇಕು' ಎನ್ನುವುದು ತಣ್ಣಗಿನ ಸಿದ್ಧಾಂತದ ಹಾಗೆ ಕಾಣಿಸಿ ಮೋಸವಾಗುತ್ತದೆ.

ಅರಿಸ್ಟಾಟಲ್ ಗ್ರೀಕಿನಿಂದ ಸಿರಿಯಾಕ್, ಅರಬ್ಬಿಗೆ ಹೋಗಿ, ಸ್ಪೇನಿನ ಕಾರ್ಡೋಬಾದ ಇಬ್ನ್ ರುಶ್ದ್ ಬರೆದ ವ್ಯಾಖ್ಯಾನಗಳ ಜೊತೆಗೆ ಲ್ಯಾಟಿನ್ನಿಗೆ ಬಂದವನು. ಪರೀಕ್ಷೆಯಲ್ಲಿ ಅವನ ವಿಷಯದಲ್ಲಿ ಆಗುವ ತಪ್ಪು ಒಂದೇ: ಗುಣವೆಂದರೆ ಎರಡು ಅತಿಗಳ ನಡುವಿನ ಸರಾಸರಿ ಎಂದು ಬರೆಯುವುದು. ಸರಾಸರಿಯಲ್ಲ ಎಂದು ಅವನೇ ಹೇಳಿದ್ದಾನೆ. 10 ಪಾಲು ಊಟ ಹೆಚ್ಚು, 2 ಪಾಲು ಕಡಿಮೆ ಎಂದ ಮಾತ್ರಕ್ಕೆ ಉಸ್ತಾದ ಎಲ್ಲರಿಗೂ 6 ಪಾಲು ಹಾಕಿಸುವುದಿಲ್ಲ; ಮೈಲೋ ಎಂಬ ಪೈಲ್ವಾನನಿಗೆ ಆರು ಸಾಲದು, ಹೊಸದಾಗಿ ಕಣಕ್ಕಿಳಿದವನಿಗೆ ಆರು ಜಾಸ್ತಿ. ಗರಡಿಮನೆಗಳಿರುವ ನಮ್ಮೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಣ್ಣೆದೋಸೆ ಎಂದು ಬದಲಾಯಿಸಿಕೊಂಡರೂ ತರ್ಕ ಕೆಡುವುದಿಲ್ಲ. ಕಳ್ಳತನ, ಕೊಲೆಯಂಥವಕ್ಕೆ ಮಧ್ಯಮ ಪ್ರಮಾಣವೇ ಇಲ್ಲ ಎಂಬುದನ್ನೂ ಅವನು ಸೇರಿಸಿದ್ದಾನೆ. ಆ ಸಾಲನ್ನು ಬಿಟ್ಟವರು 'ಹದವಾಗಿ ಕದಿಯುವುದು ಸದ್ಗುಣ' ಎಂಬಲ್ಲಿಗೆ ಹೋಗಿ ನಿಲ್ಲುತ್ತಾರೆ.

ಕಾಂಟ್‌ನ 'ನಿನ್ನ ನಡೆಯ ಸೂತ್ರ ಎಲ್ಲರಿಗೂ ನಿಯಮವಾಗಲೆಂದು ನೀನೇ ಬಯಸುವಂತಿದ್ದರೆ ಮಾತ್ರ ಹಾಗೆ ನಡೆ' ಎಂಬ ನಿಯಮವನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಹಚ್ಚಿ ನೋಡಬೇಕು. ಸುಳ್ಳು ಮಾತು ಕೊಟ್ಟು ಸಾಲ ಪಡೆಯುವ ಉದಾಹರಣೆಯನ್ನು ಅವನು 1785ರ ಗ್ರಂಥದಲ್ಲಿ ಕೊಟ್ಟಿದ್ದಾನೆ. ನಮ್ಮ ತರಗತಿಯಲ್ಲಿ ಅದು ಎಪಿಎಂಸಿಗೆ ಬಂತು. ವ್ಯಾಪಾರಿಯೊಬ್ಬ 20 ಕ್ವಿಂಟಲ್ ಮೆಕ್ಕೆಜೋಳ ತೂಗಿಸಿಕೊಂಡು, ಕೊಡುವ ಮನಸ್ಸಿಲ್ಲದೆಯೇ 'ಮುಂದಿನ ವಾರ ದುಡ್ಡು' ಎನ್ನುತ್ತಾನೆ. ಮೊದಲು ಅವನ ನಡೆಯನ್ನು ಸೂತ್ರವಾಗಿ ಬರೆಯಬೇಕು: 'ನನಗೆ ಅನುಕೂಲವಾದಾಗ, ಉಳಿಸಿಕೊಳ್ಳುವ ಉದ್ದೇಶವಿಲ್ಲದ ಮಾತು ಕೊಡುತ್ತೇನೆ.' ಇದೇ ಸೂತ್ರವನ್ನು ಇಡೀ ಮಾರ್ಕೆಟ್ಟು ಪಾಲಿಸುತ್ತದೆ ಎಂದಿಟ್ಟುಕೊಂಡು ನೋಡಿ. ಆಗ 'ಮುಂದಿನ ವಾರ' ಎಂಬ ಮಾತಿಗೆ ಬೆಲೆಯೇ ಇರುವುದಿಲ್ಲ, ಯಾವ ರೈತನೂ ಚೀಲ ಇಳಿಸುವುದಿಲ್ಲ, ವ್ಯಾಪಾರಿಯ ಮೋಸವೂ ನಡೆಯುವುದಿಲ್ಲ. ಸೂತ್ರ ತನ್ನನ್ನು ತಾನೇ ತಿಂದುಹಾಕಿತು. ಕೆಟ್ಟ ಪರಿಣಾಮ ಆಗುತ್ತದೆ ಎಂಬುದು ಇಲ್ಲಿ ಕಾರಣವಲ್ಲ. ಅಂಥ ಲೋಕವನ್ನು ಕಲ್ಪಿಸಿಕೊಳ್ಳಲು ಹೋದರೆ ವಿರೋಧಾಭಾಸ ಬರುತ್ತದೆ ಎಂಬುದು ಕಾರಣ. ಅರ್ಧ ತರಗತಿ ಜಾರಿ ಬೀಳುತ್ತಿದ್ದುದು ಇಲ್ಲಿಯೇ.

ಇನ್ನೊಂದು ಗುಂಡಿ ಸೂತ್ರದ ಅಳತೆಯದು. 'ಮಂಗಳವಾರ, ಮಳೆ ಬರುವಾಗ, 20 ಕ್ವಿಂಟಲ್ ತಂದವನಿಗೆ ಮಾತ್ರ ಸುಳ್ಳು ಹೇಳುತ್ತೇನೆ' ಎಂದು ಕಿರಿದು ಮಾಡಿದರೆ ಯಾವ ಪಾಪವೂ ಪಾಸಾಗುತ್ತದೆ. ನಿಜವಾದ ಉದ್ದೇಶಕ್ಕೆ ಸಂಬಂಧವಿಲ್ಲದ್ದನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿಯುವುದೇ ಸೂತ್ರ. 'ನಿನಗಾಗದ್ದನ್ನು ಪರರಿಗೆ ಮಾಡಬೇಡ' ಎನ್ನುವುದೂ ಇದೂ ಒಂದೇ ಎಂದು ಬರೆಯಬೇಡಿ. ಹಾಗಾದರೆ ಅಪರಾಧಿಯೂ ನ್ಯಾಯಾಧೀಶರಿಗೆ ಅದೇ ಮಾತು ಹೇಳಿ ಹೊರಗೆ ಬರಬಹುದಲ್ಲ ಎಂದು ಕಾಂಟ್ ಅಡಿಟಿಪ್ಪಣಿಯಲ್ಲಿ ಅದನ್ನು ತಳ್ಳಿಹಾಕಿದ್ದಾನೆ.

ಮಿಲ್‌ನದು ಬೇರೆಯೇ ಕಥೆ. 1859ರಲ್ಲಿ ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಇಂಗ್ಲೆಂಡಿನ ಈ ದಾರ್ಶನಿಕ ಬರೆದ ಪುಸ್ತಕದ ಮೊದಲ ಅಧ್ಯಾಯದಲ್ಲೇ, ಈ ತತ್ತ್ವ ಇನ್ನೂ 'ಹಿಂದುಳಿದ' ಸಮಾಜಗಳಿಗೆ ಅನ್ವಯಿಸದು ಎಂಬ ಷರತ್ತಿದೆ. 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರಿ ಮಾಡಿದವನು ಆತ. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆ ಷರತ್ತಿನಲ್ಲಿ ಹೊರಗಿಟ್ಟಿದ್ದ ಜನರ ಸಂವಿಧಾನ ಸಭೆಯಲ್ಲಿ 1949ರ ನವೆಂಬರ್ 25ರಂದು ಅಂಬೇಡ್ಕರ್ ಎದ್ದು ನಿಂತು ಅದೇ ಮಿಲ್‌ನ ಎಚ್ಚರಿಕೆಯನ್ನು ಎತ್ತಿ ಹೇಳಿದರು: ಎಷ್ಟೇ ದೊಡ್ಡ ಮನುಷ್ಯನಾಗಲಿ, ಅವನ ಪಾದಕ್ಕೆ ನಿಮ್ಮ ಸ್ವಾತಂತ್ರ್ಯ ಒಪ್ಪಿಸಬೇಡಿ. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರದ ದಾರಿ ಎಂದದ್ದೂ ಅಂದೇ. ಸಭೆ ನಡೆಸುವ ನಿಯಮ, ನಿರ್ಣಯ, ಕೋರಂ, ಮತ ಎಣಿಕೆ ಬೌದ್ಧ ಸಂಘಗಳಿಗೆ ಗೊತ್ತಿತ್ತು ಎಂದೂ ಅದೇ ಭಾಷಣದಲ್ಲಿ ಹೇಳಿದರು.

ಅದಕ್ಕೆ ಒಂದು ವರ್ಷ ಮೊದಲು, 1948ರ ನವೆಂಬರ್ 4ರಂದು ಅವರು ಕರಡು ಮಂಡಿಸುವಾಗ ಬಳಸಿದ 'ಸಾಂವಿಧಾನಿಕ ನೈತಿಕತೆ', ಅಂದರೆ ಸಂವಿಧಾನದ ರೀತಿನೀತಿಗೆ ತೋರುವ ಗೌರವ, ಎಂಬ ಮಾತು ಗ್ರೀಸಿನ ಇತಿಹಾಸ ಬರೆದ ಜಾರ್ಜ್ ಗ್ರೋಟ್‌ನದು. ಗ್ರೋಟ್, ಸುಖ ದುಃಖ ಕೂಡಿ ಕಳೆದು ಸರಿ ತಪ್ಪು ಹೇಳುತ್ತಿದ್ದ ಬೆಂಥಮ್ ಮತ್ತು ಮಿಲ್ ಬಳಗದವನು. ಅಥೆನ್ಸಿನ ಪ್ರಜಾಪ್ರಭುತ್ವವನ್ನು ಪ್ಲೇಟೋನ ಸಿಟ್ಟಿನಿಂದ ಬಿಡಿಸಿ ನೋಡಿದವನು. ಅಂದರೆ ದಾರಿ ಹೀಗಿದೆ: ಅಥೆನ್ಸು, ಲಂಡನ್ನಿನ ಇತಿಹಾಸಕಾರ, ದೆಹಲಿಯ ಸಭೆ, ಅಲ್ಲಿಂದ 2018ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಸಾಂವಿಧಾನಿಕ ನೈತಿಕತೆ ಸಹಜವಾಗಿ ಹುಟ್ಟುವ ಭಾವನೆಯಲ್ಲ, ಬೆಳೆಸಿಕೊಳ್ಳಬೇಕಾದದ್ದು ಎಂದು ಅಂಬೇಡ್ಕರ್ ಅಂದೇ ಸೇರಿಸಿದ್ದರು. ಮೇಷ್ಟ್ರ ಕಾಲದಲ್ಲಿ ಕೊನೆಯ ಕೊಂಡಿ ಇನ್ನೂ ಕೂಡಿರಲಿಲ್ಲ; ಕೂಡಿದ್ದರೆ ಹಲಗೆ ಸಾಲುತ್ತಿರಲಿಲ್ಲ.

ನಮ್ಮ ಕಡೆಯ ಕೈಗಳೂ ಸಣ್ಣವಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಹೆಸರಿಗಷ್ಟೇ ಉಳಿದಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿ ಕಟ್ಟಿನಲ್ಲಿ ಅದು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ಹತ್ತೇ ವರ್ಷದಲ್ಲಿ, 1919ರಲ್ಲಿ, ಮ್ಯೂನಿಕ್ಕಿನ ಭಾಷಣವೊಂದರಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್, ಕುಟಿಲ ರಾಜನೀತಿಗೆ ಹೆಸರಾದ ಇಟಲಿಯ ಮ್ಯಾಕಿಯವೆಲ್ಲಿಯನ್ನು ಪಕ್ಕಕ್ಕಿಟ್ಟು, 'ಇದರ ಮುಂದೆ ಮ್ಯಾಕಿಯವೆಲ್ಲಿ ಸಾಧು' ಎಂಬರ್ಥದ ಮಾತು ಆಡಿದ. ಆ ಒಂದು ಮಾತಿನ ಜೊತೆಗೆ ಓಡಿಹೋದವರು ಕೌಟಿಲ್ಯನನ್ನು ಬರೀ ಕುಟಿಲನನ್ನಾಗಿ ಓದಿದರು. ಗ್ರಂಥದ ಆರಂಭದಲ್ಲಿ ಸಾಂಖ್ಯ, ಯೋಗ, ಲೋಕಾಯತ ಮೂರನ್ನೂ ಸೇರಿಸಿ ಆನ್ವೀಕ್ಷಿಕಿ, ಅಂದರೆ ತರ್ಕಿಸಿ ಪರಿಶೀಲಿಸುವ ವಿದ್ಯೆ, ಎಂದು ಕರೆದು, ಅದು ಎಲ್ಲ ವಿದ್ಯೆಗಳಿಗೂ ದೀಪ ಎಂದಿರುವುದು ಉದುರಿಹೋಯಿತು. ಅಧಿಕಾರಿಗಳು ಖಜಾನೆ ನುಂಗುವ 40 ದಾರಿಗಳನ್ನು ಪಟ್ಟಿ ಮಾಡಿದ್ದೂ ಅವನೇ. ನೀರೊಳಗಿನ ಮೀನು ಯಾವಾಗ ನೀರು ಕುಡಿಯಿತೆಂದು ಹೇಗೆ ತಿಳಿಯದೋ ಹಾಗೆ, ಎಂಬ ಅವನ ಹೋಲಿಕೆ ಕಚೇರಿ ಸುತ್ತಿದವರಿಗೆ ವಿವರಣೆ ಬೇಡ.

ವಚನಗಳೂ ಹಾಗೇ. ಮನೆ ಮನೆಯ ಓಲೆಗರಿ ಕಟ್ಟುಗಳಿಂದ ಹೆಕ್ಕಿ ಫ. ಗು. ಹಳಕಟ್ಟಿಯವರು 1923ರಲ್ಲಿ ಅಚ್ಚಿಗೆ ತಂದ ಮೇಲೆ ಅವು ಕಾಲೇಜಿನ ತರಗತಿಗೆ ಬಂದವು. ಕಾಯಕವೆಂದರೆ ದುಡಿಮೆ ಎಂದಷ್ಟೇ ಬರೆಯುವವರಿಗೆ ಆಯ್ದಕ್ಕಿ ಲಕ್ಕಮ್ಮ ಉತ್ತರ. ಗಂಡ ಮಾರಯ್ಯ ದಿನದ ಲೆಕ್ಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಆಕೆ. ಅವನು ಕದ್ದಿರಲಿಲ್ಲ, ಯಾರಿಗೂ ನಷ್ಟವಾಗಿರಲಿಲ್ಲ. ಕಾಂಟ್‌ನ ಸೂತ್ರಕ್ಕೂ ಬೆಂಥಮ್‌ನ ಲೆಕ್ಕಕ್ಕೂ ಸುಲಭವಾಗಿ ಸಿಗದ ತಪ್ಪು ಅದು. 'ಕಾಂಟ್‌ನನ್ನು ಲಕ್ಕಮ್ಮನ ಮನೆಗೆ ಕಳಿಸಿ' ಎಂಬ ಪ್ರಶ್ನೆಗೆ ಪುಟಗಟ್ಟಲೆ ಬರೆದವರಿಗಿಂತ, ಅವಳು ಅಳೆದದ್ದು ಮಾಡಿದ ಕೆಲಸವನ್ನಲ್ಲ, ಆಸೆಯನ್ನು ಎಂದು ಒಂದೇ ಸಾಲು ಬರೆದವರಿಗೆ ಹೆಚ್ಚು ಅಂಕ ಬೀಳುತ್ತಿತ್ತು.

ಬೆಂಥಮ್‌ನ ಲೆಕ್ಕಕ್ಕೆ ಭದ್ರಾ ನಾಲೆ. ಸುಖವನ್ನು ಅಳೆಯಲು ಅವನು ಏಳು ಅಂಶ ಕೊಟ್ಟಿದ್ದಾನೆ: ತೀವ್ರತೆ, ಅವಧಿ, ಖಚಿತತೆ, ಸಾಮೀಪ್ಯ, ಇನ್ನಷ್ಟು ಸುಖ ಹುಟ್ಟಿಸುವ ಗುಣ, ನೋವು ಬೆರೆಯದಿರುವಿಕೆ, ಎಷ್ಟು ಜನರಿಗೆ ಎಂಬ ವ್ಯಾಪ್ತಿ. ಒಂದು ಉಪನಾಲೆಯಲ್ಲಿ 100 ರೈತರು ಎಂದುಕೊಳ್ಳಿ. ಮೇಲ್ಭಾಗದ 90 ಜನ ತೂಬು ಪೂರ್ತಿ ತೆಗೆದು ಭತ್ತ ಹಾಕಿದರೆ ತಲಾ 5 ಲಾಭ, ಒಟ್ಟು 450. ಕೊನೆಭಾಗದ 10 ಜನರಿಗೆ ನೀರು ತಲುಪದೆ ತಲಾ 40 ನಷ್ಟ, ಒಟ್ಟು 400. ಕಳೆದರೆ 50 ಲಾಭ. ಲೆಕ್ಕದ ಪ್ರಕಾರ ಸರಿ. ಹತ್ತು ಮನೆ ಹಾಳಾದದ್ದು ಕೂಡುವಾಗ ಕಾಣುವುದೇ ಇಲ್ಲ. ಆ 5 ಮತ್ತು 40 ಅಂಕಿ ಹಾಕಿದವರು ಯಾರು, ಮೇಲ್ಭಾಗದವರೋ ಕೊನೆಭಾಗದವರೋ ಎಂದೂ ಕೇಳಬೇಕು.

ಸಮಾಜದಲ್ಲಿ ನಮ್ಮ ಜಾಗ ಯಾವುದೆಂದು ಗೊತ್ತಿಲ್ಲದೆಯೇ ಅದರ ನಿಯಮ ಆರಿಸಬೇಕು ಎನ್ನುವ, 1971ರಲ್ಲಿ ಅಮೆರಿಕದ ರಾಲ್ಸ್ ಹೇಳಿದ ಅಜ್ಞಾನದ ಪರದೆಯನ್ನು ಮೇಷ್ಟ್ರು ವಿವರಿಸುತ್ತಿರಲಿಲ್ಲ, ಟೆಸ್ಟಿನಲ್ಲಿ ಕೊಡುತ್ತಿದ್ದರು. ಪ್ರಶ್ನೆ ಹೀಗೆ: 'ಈ ಉಪನಾಲೆಗೆ 20 ದಿನದ ನೀರಿನ ಸರದಿ ಪಟ್ಟಿ ಬರೆಯಿರಿ. ನಿಮ್ಮ ಹೊಲ ಎಷ್ಟನೇ ತೂಬಿನ ಕೆಳಗಿದೆ ಎಂಬುದನ್ನು ಉತ್ತರ ಪತ್ರಿಕೆ ಒಪ್ಪಿಸಿದ ಮೇಲೆ ಚೀಟಿ ಎತ್ತಿ ತಿಳಿಸಲಾಗುವುದು. 10 ಅಂಕ.' ಹೆಚ್ಚಿನವರು ಕೊನೆಭಾಗದಿಂದಲೇ ಸರದಿ ಶುರುಮಾಡುತ್ತಿದ್ದರು, ಅಲ್ಲಿಗೆ ರಾಲ್ಸ್ ಅರ್ಥವಾದ ಹಾಗೆ. ಆದರೆ ಕೊನೆಗೆ ಹೋಗಬೇಕಾದ ನೀರು ಮೇಲಿನ ತೂಬುಗಳ ಮುಂದೆಯೇ ಹರಿದು ಹೋಗಬೇಕು, ಅದೂ ರಾತ್ರಿ. ಆ ತೂಬುಗಳಿಗೆ ಬೀಗ ಹಾಕುವವರು ಯಾರು, ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಬರೆಯದವರಿಗೆ ಎರಡು ಅಂಕ ಕಟ್.